ನರ ತೆಗೆದ ಹಲ್ಲು ಮತ್ತೆ ಏಕೆ ನೋಯುತ್ತದೆ?

ಓದುಗರ ಪ್ರಶ್ನೆ, ದಂತವೈದ್ಯರ ಉತ್ತರ

ಪ್ರಶ್ನೆ: ನನಗೆ 52 ವರ್ಷ, ರೇಷ್ಮೆ ನೂಲು ತೆಗೆಯುವ ಕೆಲಸ. ಬಿ.ಪಿ.ಗೆ ದಿನವೂ ಮಾತ್ರೆ ತೆಗೆದುಕೊಳ್ಳುತ್ತೇನೆ. ಕಳೆದ ವಾರ ಕೆಳಗಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿ, ಸದ್ಯಕ್ಕೆ ಸಿಮೆಂಟ್ ತುಂಬಿ ಕಳಿಸಿದರು. ಸುಮ್ಮನಿದ್ದರೆ ನೋವಿಲ್ಲ, ಆ ಕಡೆ ಅಗಿದರೆ ಮಾತ್ರ ತಡೆಯಲಾಗುವುದಿಲ್ಲ. ಮೆಡಿಕಲ್ ಸ್ಟೋರಿನವರು ಕೊಟ್ಟ ನೋವಿನ ಮಾತ್ರೆ, ಆ್ಯಂಟಿಬಯಾಟಿಕ್ ಎರಡನ್ನೂ ನುಂಗಿದೆ, ಲವಂಗದ ಎಣ್ಣೆಯನ್ನೂ ಹಚ್ಚಿದೆ. ನಮ್ಮ ಕಡೆಯ ಬೋರ್‌ವೆಲ್ ನೀರಿಗೆ ಹಲ್ಲು ಉಳಿಯುವುದಿಲ್ಲ, ಕೀಳಿಸಿಬಿಡಿ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ನರವನ್ನೇ ತೆಗೆದ ಮೇಲೆ ನೋವು ಎಲ್ಲಿಂದ ಬರುತ್ತದೆ?
(ಓದುಗರು, ಶಿಡ್ಲಘಟ್ಟ)

ಉತ್ತರ: ಹಲ್ಲು ಕೀಳಿಸುವ ಮಾತನ್ನು ದಯವಿಟ್ಟು ಸದ್ಯಕ್ಕೆ ಬಿಡಿ. ರೂಟ್ ಕೆನಾಲ್‌ನಲ್ಲಿ ತೆಗೆಯುವುದು ಹಲ್ಲಿನ ಒಳಗಿನ ನರವನ್ನು ಮಾತ್ರ. ಹಲ್ಲಿನ ಬೇರನ್ನು ದವಡೆಯ ಮೂಳೆಗೆ ಹಿಡಿದಿಟ್ಟಿರುವ ನಾರಿನ ಪದರವೊಂದಿದೆ. ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ತೆಳುವಾದ ಆ ಪದರಕ್ಕೆ ತನ್ನದೇ ನರಗಳಿವೆ, ಊಟದಲ್ಲಿ ಸಣ್ಣ ಮರಳಿನ ಕಣ ಸಿಕ್ಕಿದರೂ ನಮಗೆ ತಕ್ಷಣ ತಿಳಿಯುವುದು ಅದರಿಂದಲೇ. ಬೇರಿನ ತುದಿಯವರೆಗೆ ಸೂಜಿಯಂಥ ಉಪಕರಣಗಳು ಓಡಾಡಿದಾಗ ಈ ಪದರ ಊದಿಕೊಳ್ಳುತ್ತದೆ. ಹಾಗೆ ಬಂದ ನೋವು ಎರಡು ಮೂರು ದಿನ ಹೆಚ್ಚಿದ್ದು, ವಾರದೊಳಗೆ ಇಳಿಯುತ್ತಾ ಹೋಗಬೇಕು.

ನಿಮ್ಮ ನೋವು ಇಳಿದಿಲ್ಲ, ಅದೂ ಅಗಿದಾಗ ಮಾತ್ರ ಬರುತ್ತಿದೆ ಎಂದರೆ ನಾನು ಮೊದಲು ಶಂಕಿಸುವುದು ತುಂಬಿದ ಸಿಮೆಂಟಿನ ಎತ್ತರವನ್ನು. ಅರಿವಳಿಕೆಯಿಂದ ದವಡೆ ಜೋಮು ಹಿಡಿದಿರುವಾಗ ‘ಕಚ್ಚಿ ನೋಡಿ, ಸರಿಯಿದೆಯೇ’ ಎಂದು ವೈದ್ಯರು ಕೇಳಿದರೆ ಸರಿಯಾದ ಉತ್ತರ ಯಾರಿಂದಲೂ ಬರುವುದಿಲ್ಲ. ಕೂದಲೆಳೆಯಷ್ಟು ಎತ್ತರವಾಗಿದ್ದರೂ ಬಾಯಿ ಮುಚ್ಚಿದಾಗಲೆಲ್ಲ ಆ ಹಲ್ಲಿಗೇ ಮೊದಲ ಪೆಟ್ಟು ಬೀಳುತ್ತದೆ, ಮೊದಲೇ ಊದಿರುವ ಪದರ ಮಾಗುವುದೇ ಇಲ್ಲ. ಬಣ್ಣದ ಕಾಗದ ಕಚ್ಚಿಸಿ, ಗುರುತು ಬಿದ್ದ ಕಡೆ ತುಸು ಉಜ್ಜಿದರೆ ಸಾಕು, ಕೆಲವೇ ನಿಮಿಷಗಳ ಕೆಲಸ. ಆದ್ದರಿಂದ ಚಿಕಿತ್ಸೆ ಮಾಡಿದ ವೈದ್ಯರಲ್ಲಿಗೇ ಹೋಗಿ. ಅವರ ಕೆಲಸವನ್ನು ತಪ್ಪೆಂದಂತಾಗುತ್ತದೆ ಎಂದು ಸಂಕೋಚಪಟ್ಟು ನೋವು ನುಂಗಿಕೊಂಡಿರುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಎತ್ತರ ಸರಿಯಿದ್ದರೆ ಅವರು ಎಕ್ಸ್‌ರೇ ತೆಗೆದು, ಸ್ವಚ್ಛವಾಗದೆ ಉಳಿದ ಬೇರಿನ ನಾಳ ಅಥವಾ ಹಲ್ಲಿನಲ್ಲಿ ಬಿರುಕು ಇದೆಯೇ ಎಂದು ನೋಡುತ್ತಾರೆ.

ಮಾತ್ರೆಗಳ ವಿಷಯದಲ್ಲಿ ಸ್ವಲ್ಪ ಬಿಗಿಯಾಗಿಯೇ ಹೇಳಬೇಕಾಗಿದೆ. ಆ್ಯಂಟಿಬಯಾಟಿಕ್ ನೋವಿನ ಔಷಧವಲ್ಲ; ಹಲ್ಲು ಎತ್ತರವಾಗಿ ಬರುವ ನೋವಿಗೆ ಅದರಿಂದ ಏನೂ ಆಗದು. ಡೈಕ್ಲೊಫೆನಾಕ್, ಐಬುಪ್ರೊಫೆನ್ ಮುಂತಾದವು ಹಲ್ಲುನೋವಿಗೆ ಚೆನ್ನಾಗಿ ಕೆಲಸ ಮಾಡುತ್ತವೆ ನಿಜ, ಆದರೆ ಅವು ರಕ್ತದೊತ್ತಡವನ್ನು ಏರಿಸಬಲ್ಲವು, ಮೂತ್ರಪಿಂಡಕ್ಕೂ ಹೊರೆಯಾಗಬಲ್ಲವು, ಬಿ.ಪಿ. ಇರುವ ನೀವು ವೈದ್ಯರನ್ನು ಕೇಳದೆ ಅವನ್ನು ನುಂಗಬಾರದು. ಯಕೃತ್ತಿನ ತೊಂದರೆಯಾಗಲಿ ಮದ್ಯದ ಅಭ್ಯಾಸವಾಗಲಿ ಇಲ್ಲದಿದ್ದರೆ, 650 ಮಿಲಿಗ್ರಾಂ ಪ್ಯಾರಸಿಟಮಾಲ್ ಅನ್ನು ಆರು ಗಂಟೆಗೊಂದರಂತೆ, ದಿನಕ್ಕೆ ನಾಲ್ಕು ಮೀರದಂತೆ ಒಂದೆರಡು ದಿನ ತೆಗೆದುಕೊಳ್ಳಬಹುದು. ಲವಂಗದ ಎಣ್ಣೆ ತೆರೆದ ಹುಳುಕಿನೊಳಗಿನ ನರವನ್ನು ಸ್ವಲ್ಪ ಹೊತ್ತು ಜಡಗೊಳಿಸುತ್ತದೆ, ನಿಮ್ಮ ಹಲ್ಲಿನಲ್ಲಿ ಆ ನರವೇ ಇಲ್ಲ. ಪದೇ ಪದೇ ಹಚ್ಚಿದರೆ ಒಸಡು ಸುಡುತ್ತದೆ, ಅಷ್ಟೆ.

ಊಟದ ಚಿಂತೆ ನಮ್ಮ ಸೀಮೆಯವರಿಗೆ ಕಡಿಮೆ. ಮುದ್ದೆಯನ್ನು ಅಗಿಯದೆ ನುಂಗುವುದೇ ರೂಢಿ. ಉಗುರುಬೆಚ್ಚಗಿನ ಮುದ್ದೆ, ಸೊಪ್ಪಿನ ಸಾರು ಸಾಕು. ನಿಪ್ಪಟ್ಟು, ಹುರಿದ ಕಡಲೆಕಾಯಿ ಸದ್ಯಕ್ಕೆ ಬೇಡ. ನೋವು ಹೋದ ಮೇಲೂ ಕ್ಯಾಪ್ ಹಾಕಿಸುವುದನ್ನು ಮುಂದೂಡಬೇಡಿ. ತಾತ್ಕಾಲಿಕ ಸಿಮೆಂಟ್ ಸವೆದರೆ ಜೊಲ್ಲಿನೊಂದಿಗೆ ಕ್ರಿಮಿಗಳು ಮತ್ತೆ ಒಳಗಿಳಿಯುತ್ತವೆ, ಹಲ್ಲೇ ಸೀಳಿಹೋಗಲೂಬಹುದು.

ಇನ್ನು ನೀರಿನ ಮಾತು. ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿರುವುದು ನಿಜ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಇರಬಹುದು ಎಂಬುದು ನಮ್ಮ ದೇಶದ ಮಾನದಂಡ. ಆದರೆ ಹಲ್ಲಿನ ಮೇಲಿನ ಕಂದು ಕಲೆಗಳು ಬಾಲ್ಯದಲ್ಲಿ, ಹಲ್ಲು ರೂಪುಗೊಳ್ಳುವಾಗಲೇ ಮೂಡುವಂಥವು. ಮಕ್ಕಳಿಗೆ ಶುದ್ಧೀಕರಿಸಿದ ನೀರು ಕೊಡಿ. ಈ ನೋವಿಗೂ ಅದಕ್ಕೂ ಸಂಬಂಧವಿಲ್ಲ.

ದವಡೆಯ ಕೆಳಗೆ ಅಥವಾ ಕುತ್ತಿಗೆಯಲ್ಲಿ ಊತ, ಜ್ವರ, ಬಾಯಿ ತೆರೆಯಲು ಕಷ್ಟ ಕಾಣಿಸಿಕೊಂಡರೆ ಅಂದೇ ವೈದ್ಯರನ್ನು ಕಾಣಿ. ನುಂಗಲು ಅಥವಾ ಉಸಿರಾಡಲು ತೊಡಕಾದರೆ ರಾತ್ರಿಯಾದರೂ ಸರಿ, ನೇರ ದೊಡ್ಡ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನಮ್ಮ ತಾಯಿಯವರಿಗೆ ಕೆಳ ದವಡೆಯ ಹಲ್ಲು ಕಿತ್ತ ಮರುದಿನ ಚೆನ್ನಾಗಿಯೇ ಇತ್ತು. ಮೂರನೆಯ ದಿನದಿಂದ ಕಿವಿಯವರೆಗೂ ನೋವು, ಬಾಯಲ್ಲಿ ದುರ್ವಾಸನೆ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸವಿದೆ.
(ಓದುಗರು, ಮುಳಬಾಗಿಲು)

ಉತ್ತರ: ಗಾಯದ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಒಳಗಿನ ಮೂಳೆಗೆ ಹೊದಿಕೆ. ಅದು ಕರಗಿ ಅಥವಾ ಕಳಚಿ ಮೂಳೆ ಬಯಲಾದರೆ ಹೀಗೆಯೇ ನೋಯುತ್ತದೆ. ತಂಬಾಕು ಮತ್ತು ಪದೇ ಪದೇ ಉಗುಳುವುದು ಅದಕ್ಕೆ ದಾರಿ ಮಾಡಿಕೊಡುತ್ತವೆ. ಇಂದೇ ದಂತವೈದ್ಯರಲ್ಲಿಗೆ ಕರೆದೊಯ್ಯಿರಿ. ಗುಳಿಯನ್ನು ತೊಳೆದು ಔಷಧ ಇಟ್ಟರೆ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲೇ ನೋವು ತಗ್ಗುತ್ತದೆ. ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ನಾಲ್ಕೈದು ಸಲ ಬಾಯಲ್ಲಿಟ್ಟುಕೊಂಡು, ಜೋರಾಗಿ ಮುಕ್ಕಳಿಸದೆ ನಿಧಾನವಾಗಿ ಹೊರಬಿಡಲಿ. ಗಾಯ ಮಾಗುವವರೆಗೆ ಎಲೆ ಅಡಿಕೆ, ಹೊಗೆಸೊಪ್ಪು ಎರಡೂ ಬೇಡ.