ನೌಕರಿ ಬಿಡೋ ಮುಂಚೆ ಸರ್ವಿಸ್ ಬುಕ್ ತೆಗೆಸಿ ನೋಡಿ

ಪ್ರಶ್ನೆ: ನನಗೆ 32 ವರ್ಷ. ಊರು ಬೀದರ್. ಏಳು ವರ್ಷದಿಂದ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಆಗಿದ್ದೇನೆ. ಕಲ್ಯಾಣ ಕರ್ನಾಟಕದವರಿಗಿರುವ 371ಜೆ ಮೀಸಲಾತಿಯಲ್ಲಿ ಸಿಕ್ಕ ನೌಕರಿ, ನಮ್ಮ ಮನೆತನಕ್ಕೆ ಇದೇ ಮೊದಲ ಸರ್ಕಾರಿ ನೌಕರಿ. ದಿನಾ ಬಸ್ಸಿನಲ್ಲಿ ಔರಾದ್‌ಗೆ ಹೋಗಿ ಬರುತ್ತೇನೆ. ಮೇಲಿನವರ ಬೈಗುಳ ಕೇಳಿ ಕೇಳಿ ಸಾಕಾಗಿದೆ. ರಾಜೀನಾಮೆ ಕೊಟ್ಟು ಒಂದೂವರೆ ವರ್ಷ ಈಶಾನ್ಯ ರಾಜ್ಯಗಳು, ನೇಪಾಳ, ವಿಯೆಟ್ನಾಂ ತಿರುಗಬೇಕು ಅಂತಿದ್ದೇನೆ. ಖರ್ಚಿಗೆ ಎನ್‌ಪಿಎಸ್ (ಪಿಂಚಣಿಗೆಂದು ಸಂಬಳದಲ್ಲಿ ಮುರಿದಿಟ್ಟ) ದುಡ್ಡು ಬರುತ್ತದೆ. ತಂಗಿ ಮದುವೆಗೆ ತೆಗೆದ ಸೊಸೈಟಿ ಸಾಲ ಸ್ವಲ್ಪ ಬಾಕಿ ಇದೆ. ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ. ವಿಷಯ ಹೇಳಿದ್ದಕ್ಕೆ ಅವ್ವ 'ಹುಚ್ಚ ಹಿಡದದ ಏನು ನಿನಗ?' ಅಂತ ಮಾತೇ ಬಿಟ್ಟಿದ್ದಾಳೆ. ಐನೂರು ವರ್ಷದ ಹಿಂದೆ ರಷ್ಯಾದ ಪ್ರವಾಸಿ ನಿಕಿತಿನ್ ನಮ್ಮ ಬೀದರ್‌ವರೆಗೆ ಬಂದಿದ್ದ. ನಾನು ಬೀದರ್ ಬಿಟ್ಟು ಹೊರಟರೆ ತಪ್ಪೇ?
ಹೆಸರು ಬೇಡ, ಬೀದರ್

ಉತ್ತರ: ತಪ್ಪಲ್ಲ. ನಾನೂ ಖಾಸಗಿ ಕಂಪನಿಯ ಕೆಲಸ ಬಿಟ್ಟು ವರ್ಷದ ಮೇಲೆ ತಿರುಗಿದವಳು. ಹಾಗಾಗಿ 'ಸರ್ಕಾರಿ ನೌಕರಿ ಯಾರಾದರೂ ಬಿಡ್ತಾರಾ' ಅಂತ ಶುರು ಮಾಡಲ್ಲ. ಅದನ್ನು ಹೇಳೋಕೆ ನಿಮ್ಮ ಸೋದರಮಾವ, ಕಾಕಾಗಳು ಇದ್ದೇ ಇರುತ್ತಾರೆ, ಅಲ್ವಾ?

ಹೋಗಿ. ಆದರೆ ರಾಜೀನಾಮೆ ಕೊಟ್ಟಲ್ಲ, ರಜೆ ಹಾಕಿ.

ಮೊದಲು ಆ ಸೊಸೈಟಿ ಸಾಲದ ಮಾತು. ನೀವು ಅದನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನೌಕರರ ಪತ್ತಿನ ಸೊಸೈಟಿಯಲ್ಲಿ ಜಾಮೀನಿಲ್ಲದೆ ಸಾಲ ಹುಟ್ಟುವುದಿಲ್ಲ. ನಿಮ್ಮ ಪಕ್ಕದ ಟೇಬಲ್ಲಿನವರೋ, ಒಂದೇ ಬಸ್ಸಿನಲ್ಲಿ ಹೋಗಿ ಬರುವವರೋ ಯಾರೋ ಸಹಿ ಹಾಕಿರುತ್ತಾರೆ. ಕಂತು ಸಂಬಳದಲ್ಲೇ ಮುರಿದು ಹೋಗುವುದರಿಂದ ನಿಮಗೆ ಅದರ ನೆನಪೂ ಇರುವುದಿಲ್ಲ. ಸಂಬಳ ನಿಂತ ತಿಂಗಳಿಂದ ಕಂತೂ ನಿಲ್ಲುತ್ತದೆ. ನೀವು ಕಟ್ಟದಿದ್ದರೆ ಸೊಸೈಟಿಯವರು ಜಾಮೀನು ಹಾಕಿದವರ ಸಂಬಳಕ್ಕೆ ಕೈ ಹಾಕುತ್ತಾರೆ. ನೀವು ಹನೋಯ್‌ನಲ್ಲಿ ಕಾಫಿ ಕುಡಿಯುತ್ತಿರುವಾಗ ಔರಾದ್‌ನಲ್ಲಿ ಯಾರೋ ಸಂಬಳದ ಚೀಟಿ ಹಿಡಿದು ನಿಮ್ಮನ್ನು ಬೈಯುತ್ತಿರುತ್ತಾರೆ. ಸಂಬಳವಿಲ್ಲದ ರಜೆ ಹಾಕಿದರೂ ಇದೇ ಕಥೆ. ಸಾಲ ತೀರಿಸಿಯೇ ಹೊರಡಿ. ಆಗದಿದ್ದರೆ ನೀವಿಲ್ಲದ ಅಷ್ಟೂ ತಿಂಗಳ ಕಂತನ್ನು ಮುಂಗಡ ಕಟ್ಟಿ, ರಸೀದಿಯ ಒಂದು ಜೆರಾಕ್ಸ್ ಅವರ ಕೈಗೂ ಕೊಡಿ.

ಇನ್ನು ಎನ್‌ಪಿಎಸ್. ಆ ದುಡ್ಡನ್ನು ನಂಬಿಕೊಂಡು ಟಿಕೆಟ್ ಮಾಡಿಸಬೇಡಿ. ಸರ್ಕಾರಿ ನೌಕರರು ಅವಧಿಗೆ ಮುಂಚೆ ಹೊರಬಿದ್ದರೆ ಕೂಡಿಟ್ಟ ಮೊತ್ತದಲ್ಲಿ ಕನಿಷ್ಠ ಶೇ 80ರಷ್ಟು ಕೈಗೆ ಬರದೆ, ಕಂತುಕಂತಾಗಿ ಪಿಂಚಣಿ ಕೊಡುವ ಯೋಜನೆಗೇ ಹೋಗುತ್ತದೆ. ಮೊತ್ತ ತೀರಾ ಸಣ್ಣದಿದ್ದರೆ ಮಾತ್ರ ಪೂರ್ತಿ ಕೈಗೆ ಸಿಗುತ್ತದೆ. ಏಳು ವರ್ಷ ಕಟ್ಟಿದ ನಿಮ್ಮದು ಅಷ್ಟು ಸಣ್ಣದಿರಲಿಕ್ಕಿಲ್ಲ. ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೂ ಲೆಕ್ಕದಿಂದ ಹೋಯಿತು. ಮತ್ತೆ ಬೇಕೆಂದರೆ ಪರೀಕ್ಷೆ ಬರೆಯಬೇಕು, ಅದಕ್ಕೆ ವಯಸ್ಸಿನ ಮಿತಿ ಇದೆ. 371ಜೆ ಜಾರಿಗೆ ಬಂದದ್ದೇ 2013ರಲ್ಲಿ. ನಿಮ್ಮ ಅಣ್ಣಂದಿರ ವಯಸ್ಸಿನವರಿಗೆ ಈ ಬಾಗಿಲೇ ಇರಲಿಲ್ಲ. ಅವ್ವನ ಸಿಟ್ಟಿನಲ್ಲಿ ಅದೂ ಇರಬಹುದು.

ರಜೆಯ ಲೆಕ್ಕ ನೋಡಿ. ಗಳಿಕೆ ರಜೆ ವರ್ಷಕ್ಕೆ 30 ದಿನ, ಜನವರಿಗೆ 15, ಜುಲೈಗೆ 15 ಜಮಾ ಆಗುತ್ತದೆ. 300 ದಿನದವರೆಗೆ ಕೂಡಿಡಬಹುದು. ವರ್ಷ ವರ್ಷ ಒಂದಿಷ್ಟು ನಗದು ಮಾಡಿಕೊಂಡಿದ್ದರೂ ಏಳು ವರ್ಷದ ಸರ್ವಿಸ್‌ನಲ್ಲಿ ಒಳ್ಳೆ ಗಂಟೇ ಉಳಿದಿರಬೇಕು. ಅದು ಸಂಬಳ ಸಹಿತ ರಜೆ! ಅದು ಮುಗಿದ ಮೇಲೆ ವೇತನರಹಿತ ರಜೆ ಕೇಳಬಹುದು. ಇನ್‌ಕ್ರಿಮೆಂಟ್ ಮುಂದಕ್ಕೆ ಹೋಗುತ್ತದೆ, ಹೋಗಲಿ ಬಿಡಿ. ರಜೆ ಹಕ್ಕಲ್ಲ, ಮಂಜೂರು ಮಾಡಬೇಕಾದವರು ಅದೇ ಬೈಯುವ ಸಾಹೇಬರು ಅನ್ನೋದು ನಿಜ. ಒಂದೂವರೆ ವರ್ಷ ಕೇಳಿದರೆ ಖಂಡಿತ ಕೊಡಲ್ಲ. ಎರಡು ತಿಂಗಳು ಕೇಳಿ.

ಎರಡೇ ತಿಂಗಳಾ ಅಂತ ಮುಖ ಸಣ್ಣ ಮಾಡಬೇಡಿ. ನೀವು ಬರೆದ ಪೂರ್ತಿ ಪತ್ರದಲ್ಲಿ ಆಫೀಸಿನ ಕಥೆ ಎರಡು ಪುಟ ಇತ್ತು. ಇಲ್ಲಿ ಅದನ್ನು ಕತ್ತರಿಸಿದ್ದೇನೆ. ತಿರುಗಾಟದ ಬಗ್ಗೆ ಇದ್ದದ್ದು ಮೂರು ಜಾಗದ ಹೆಸರು, ಅಷ್ಟೇ. ಅಲ್ಲಿ ಏನು ನೋಡಬೇಕು, ಯಾಕೆ ವಿಯೆಟ್ನಾಂ, ಒಂದು ಮಾತೂ ಇಲ್ಲ. ನಿಮಗೆ ಬೇಕಾಗಿರುವುದು ಪ್ರವಾಸವೋ, ಔರಾದ್‌ನ ಆ ಕುರ್ಚಿಯಿಂದ ಬಿಡುಗಡೆಯೋ? ಎರಡನೆಯದಾದರೆ ಅದಕ್ಕೆ ವರ್ಗಾವಣೆ ಅಂತ ಒಂದಿದೆ. ಬೇಸಿಗೆಯ ವರ್ಗಾವಣೆ ಹೊತ್ತಿಗೆ ಅರ್ಜಿ ಹಾಕಿ. ಪ್ರವಾಸದ ಆಸೆ ನಿಜವಾದದ್ದಾದರೆ ಬೇರೆ ಕಚೇರಿಗೆ ಹೋದ ಮೇಲೂ ಉಳಿದಿರುತ್ತದೆ.

ತಿರುಗಾಟ ಹೇಗಿರುತ್ತದೆ ಅಂತಲೂ ಹೇಳಬೇಕು. ಮೊದಲ ತಿಂಗಳು ಎಲ್ಲವೂ ಹಬ್ಬ. ಆಮೇಲೆ ಅದೂ ದಿನನಿತ್ಯ ಆಗುತ್ತದೆ. ಶಿಲ್ಲಾಂಗ್‌ನಲ್ಲಿ ನಾನಿದ್ದ ಬಾಡಿಗೆ ಕೋಣೆಯಲ್ಲಿ ವಾರಗಟ್ಟಲೆ ಮಳೆ. ಸಾಕ್ಸ್ ಒಣಗದೆ ಮುಗ್ಗು ವಾಸನೆ. ಕಿಟಕಿ ಸರಳಿಗೆ, ಕುರ್ಚಿ ಬೆನ್ನಿಗೆ, ಕೊನೆಗೆ ಬಾಗಿಲ ಚಿಲಕಕ್ಕೂ ಬಟ್ಟೆ ನೇತುಹಾಕಿದ್ದೆ. ಮಾಳಗಿ ಮೇಲೆ ಹಾಕಿದ ಬಟ್ಟೆ ಚಹಾ ಕುಡಿದು ಬರುವಷ್ಟರಲ್ಲಿ ಒಣಗುವ ನಿಮ್ಮ ಊರಿನವರಿಗೆ ಇದು ತಮಾಷೆ ಅನ್ನಿಸಬಹುದು. ಹೊರಗೆ ಹೋಗುವಂತಿಲ್ಲ, ಮಾತಾಡಲು ಯಾರೂ ಇಲ್ಲ, ಮುಂದಿನ ಊರಿಗೆ ಹೊರಡೋಕೂ ಬೇಸರ. ಆ ಬೇಸರ ಬಂದ ಮೇಲೂ ಇರಬೇಕು ಅನ್ನಿಸುತ್ತಾ ಅನ್ನೋದು ಹತ್ತು ದಿನದ ಪ್ಯಾಕೇಜ್ ಟೂರಲ್ಲಿ ಗೊತ್ತಾಗಲ್ಲ. ಎರಡು ತಿಂಗಳಲ್ಲಿ ಗೊತ್ತಾಗುತ್ತದೆ. ನನಗೆ ಇರಬೇಕು ಅನ್ನಿಸಿತು, ಇದ್ದೆ.

ವಾಪಸು ಬಂದ ಮೇಲಿನದ್ದು ಇನ್ನೂ ಕಷ್ಟ. ನೆಂಟರು ಹತ್ತು ನಿಮಿಷ ಫೋಟೊ ನೋಡಿ 'ಮುಂದೇನು?' ಅಂದರು. ಸಂದರ್ಶನದಲ್ಲಿ ಕೇಳಿದ್ದೂ ಅದನ್ನೇ, ಸ್ವಲ್ಪ ನಯವಾಗಿ. ಕೆಲಸ ಸಿಗುವವರೆಗೂ ಮನೆ ಬಾಡಿಗೆ ಕಟ್ಟುತ್ತಿರಲೇಬೇಕಲ್ಲ. ತಿರುಗೋಕೆ ಎಷ್ಟು ಬೇಕು ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ಬಂದು ಕೂತ ಮೇಲಿನ ಆರು ತಿಂಗಳಿಗೂ ಬೇರೆ ದುಡ್ಡು ಎತ್ತಿಡಬೇಕು. ರಜೆ ಹಾಕಿ ಹೋದವರಿಗೆ ಈ ತಲೆನೋವಿಲ್ಲ.

ನಿಕಿತಿನ್ ವಿಷಯಕ್ಕೆ ಬರೋಣ. ನಿಮ್ಮ ಮಾತಿನಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ. ಆದರೆ ಅವನು ನೌಕರಿ ಬೇಸರವಾಗಿ ಬಂದವನಲ್ಲ, ತ್ವೇರ್ ಪಟ್ಟಣದ ವ್ಯಾಪಾರಿ. ಒಂದು ಕುದುರೆಯನ್ನು ಸಮುದ್ರ ದಾಟಿಸಿ, ತಿಂಗಳುಗಟ್ಟಲೆ ಮೇವು ಹಾಕಿ, ಕೊನೆಗೆ ಬೀದರ್‌ನಲ್ಲಿ ಮಾರಿದ. ವೋಲ್ಗಾ ದಾರಿಯಲ್ಲಿ ದರೋಡೆಯಾಗಿ ಧರ್ಮದ ಪುಸ್ತಕಗಳೂ ಹೋಗಿದ್ದವು. ಈಸ್ಟರ್ ಯಾವತ್ತು, ಉಪವಾಸ ಯಾವತ್ತು ಗೊತ್ತಾಗುತ್ತಿಲ್ಲ ಅಂತ ತನ್ನ ಟಿಪ್ಪಣಿಯಲ್ಲಿ ಮತ್ತೆ ಮತ್ತೆ ಹಲುಬಿದ್ದಾನೆ. ಕುದುರೆ, ದುಡ್ಡು ಎಲ್ಲಕ್ಕಿಂತ ಅದೇ ಅವನನ್ನು ಜಾಸ್ತಿ ಕಾಡಿದ್ದು ಅಂತ ನನಗನ್ನಿಸುತ್ತದೆ. ವಾಪಸು ಹೋಗುವಾಗ ಸ್ಮೋಲೆನ್ಸ್ಕ್ ಮುಟ್ಟುವ ಮೊದಲೇ ತೀರಿಕೊಂಡ.

ಅವ್ವನಿಗೆ ವಿಯೆಟ್ನಾಂ ಎಲ್ಲಿದೆ ಅನ್ನೋದು ಬೇಕಿಲ್ಲ, ಮಗ ಯಾವ ಹಬ್ಬಕ್ಕೆ ಮನೆಯಲ್ಲಿರುತ್ತಾನೆ ಅನ್ನೋದು ಬೇಕು. 'ಗಣಪತಿ ಹಬ್ಬ ಮುಗಿಸಿ ಹೋಗ್ತೀನವ್ವ, ದೀಪಾವಳಿಗೆ ಬರ್ತೀನಿ' ಅನ್ನಿ. ಮಾತು ಬಿಟ್ಟವರು ಕನಿಷ್ಠ ಬೈಯೋಕಾದರೂ ಶುರು ಮಾಡುತ್ತಾರೆ. ಹೋದ ಮೇಲೆ ದಿನಾ ಒಂದೇ ಹೊತ್ತಿಗೆ ಫೋನ್ ಮಾಡಿ. ನೆಟ್‌ವರ್ಕ್ ಇಲ್ಲದ ಕಡೆ ಹೋಗುವುದಿದ್ದರೆ ಮುಂಚೆಯೇ ಹೇಳಿ.

ಹೆಣ್ಣು ನೋಡಲು ಹೋದಲ್ಲಿ ನಿಮ್ಮ ಯೋಚನೆಯನ್ನು ಹುಡುಗಿಗೆ ಮೊದಲೇ ಹೇಳಿ. ಸರ್ಕಾರಿ ನೌಕರಿ ನೋಡಿ ಒಪ್ಪಿದವರಿಗೆ ಮದುವೆಯಾದ ಮೇಲೆ ರಾಜೀನಾಮೆ ತೋರಿಸಿದರೆ ಅದು ಮೋಸ. ಅವಳೂ ಬ್ಯಾಗ್ ಹಾಕಿಕೊಂಡು ಹೊರಡುವವಳೇ ಆಗಿದ್ದರೆ ನಿಮ್ಮ ಅದೃಷ್ಟ.

ಸೋಮವಾರ ಆಫೀಸಿನಲ್ಲಿ ಸರ್ವಿಸ್ ಬುಕ್ ತೆಗೆಸಿ ಗಳಿಕೆ ರಜೆ ಎಷ್ಟಿದೆ ನೋಡಿ. ಮೊದಲ ಎರಡು ತಿಂಗಳನ್ನು ಈಶಾನ್ಯಕ್ಕೇ ಇಡಿ. ಅರುಣಾಚಲ, ನಾಗಾಲ್ಯಾಂಡ್, ಮಿಜೋರಾಂಗೆ ಇನ್ನರ್ ಲೈನ್ ಪರ್ಮಿಟ್ (ಹೊರಗಿನವರು ಒಳಗೆ ಹೋಗಲು ಪರವಾನಗಿ) ಬೇಕು ಅನ್ನೋದು ನೆನಪಿರಲಿ. ಪಾಸ್‌ಪೋರ್ಟ್ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇಲ್ಲದಿದ್ದರೆ ಅರ್ಜಿ ಹಾಕುವ ಮುಂಚೆ ಇಲಾಖೆಗೆ ತಿಳಿಸಬೇಕು, ವಿದೇಶಕ್ಕೆ ಹೊರಡುವಾಗ ಬೇರೆ ಅನುಮತಿ ತೆಗೆದುಕೊಳ್ಳಬೇಕು. ನೇಪಾಳಕ್ಕೆ ವೋಟರ್ ಐಡಿ ಸಾಕು ಅಂತ ಸುಮ್ನೆ ಹೊರಟುಬಿಡಬೇಡಿ, ಇಲಾಖೆಯ ಲೆಕ್ಕದಲ್ಲಿ ಅದೂ ವಿದೇಶವೇ.