ವಲ್ಹಾಲಾ: ವೈಕಿಂಗರು ನಂಬಿದ್ದೆಷ್ಟು, ಆಮೇಲೆ ಸೇರಿಕೊಂಡದ್ದೆಷ್ಟು?

ನಿಮ್ಮ ಪ್ರಶ್ನೆಯನ್ನು ಎರಡಾಗಿ ಬಿಡಿಸಿಕೊಳ್ಳುತ್ತೇನೆ. ಯುದ್ಧದಲ್ಲಿ ಮಡಿದವರಿಗೆ ದೇವರ ದೊರೆ ಓಡಿನ್‌ನ ವಲ್ಹಾಲಾ, ಕಾಯಿಲೆಯಿಂದಲೋ ಮುಪ್ಪಿನಿಂದಲೋ ಸತ್ತವರಿಗೆ ಪಾತಾಳದ ಹೆಲ್ ಎಂಬುದನ್ನು ಸುಮಾರು ಸಾವಿರ ವರ್ಷ ಹಿಂದಿನ ಸ್ಕ್ಯಾಂಡಿನೇವಿಯಾದ ಕಡಲಯಾನಿಗಳಾದ ವೈಕಿಂಗರು ನಿಜಕ್ಕೂ ನಂಬಿದ್ದರೇ ಎಂಬುದು ಒಂದು. ಅವರ ಕಥೆಗಳಲ್ಲಿ ಬರುವ ಓಡಿನ್, ಅಟ್ಲಿ ದೊರೆ, ದಾಳಿಕೋರ ನಾಯಕ ರಾಗ್ನರ್ ಇವರಲ್ಲಿ ಯಾರು ಚರಿತ್ರೆಯವರು, ಯಾರು ಪುರಾಣದವರು ಎಂದು ಗೊತ್ತುಹಚ್ಚುವುದು ಹೇಗೆ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ನೇರ ಉತ್ತರ: ವಲ್ಹಾಲಾ ಇತ್ತು, ಆದರೆ ಅದು ಹೆಚ್ಚಾಗಿ ರಾಜರ, ಅವರ ಆಸ್ಥಾನ ಕವಿಗಳ ಸ್ವರ್ಗ. ಊರವರಲ್ಲಿ ಸತ್ತವರು ಅಷ್ಟು ದೂರ ಹೋಗುತ್ತಿರಲಿಲ್ಲ. ಹತ್ತಿರದ ಬೆಟ್ಟ, ಸಮಾಧಿಯ ದಿಬ್ಬ, ಕಡಲು, ಇಲ್ಲೇ ಇರುತ್ತಿದ್ದರು.

ಈಗ ಎಲ್ಲೆಡೆ ಸಿಗುವ ಅಚ್ಚುಕಟ್ಟಾದ ಚಿತ್ರ ಬಹುಮಟ್ಟಿಗೆ ಒಬ್ಬನೇ ಮನುಷ್ಯ ಕೊಟ್ಟದ್ದು: ಐಸ್‌ಲೆಂಡಿನ ಸ್ನೋರ್ರಿ ಸ್ಟುರ್ಲುಸೊನ್ (1179–1241). ಐಸ್‌ಲೆಂಡ್ ಕ್ರೈಸ್ತ ಮತಕ್ಕೆ ಸೇರಿದ್ದು ಸುಮಾರು 1000ರಲ್ಲಿ. ಸ್ನೋರ್ರಿ ಎಡ್ಡಾ ಎಂಬ ತನ್ನ ಪುಸ್ತಕ ಬರೆದದ್ದು 1220ರ ಆಸುಪಾಸಿನಲ್ಲಿ. ಅವನು ಕ್ರೈಸ್ತ; ಅವನ ತಾತ ಮುತ್ತಾತಂದಿರೂ ಕ್ರೈಸ್ತರು. ಅವನ ಉದ್ದೇಶ ಧರ್ಮಗ್ರಂಥ ಬರೆಯುವುದಲ್ಲ, ಹಳೆಯ ಕಾವ್ಯದ ಸಂಕೇತಗಳು ಹೊಸ ಕವಿಗಳಿಗೆ ಮರೆತುಹೋಗಬಾರದೆಂದು ಕೈಪಿಡಿ ಮಾಡಿಕೊಡುವುದು. ಕೈಪಿಡಿಗೆ ವಿಂಗಡಣೆ ಬೇಕು, ಅವನು ವಿಂಗಡಿಸಿದ.

ಆ ವಿಂಗಡಣೆ ಅವನ ಪುಸ್ತಕದೊಳಗೇ ಎಲ್ಲ ಕಡೆ ಹೊಂದುವುದಿಲ್ಲ. ಓಡಿನ್‌ನ ಮಗ ಬಾಲ್ಡರ್ ಕಾಯಿಲೆ ಬಿದ್ದು ಸತ್ತವನಲ್ಲ, ಬಂದಳಿಕೆಯ ಕಡ್ಡಿ ನಾಟಿ ಸತ್ತವನು. ಆದರೂ ಹೋದದ್ದು ಹೆಲ್‌ಗೆ. ಅವನನ್ನು ಕರೆತರಲು ಹೆರ್ಮೋಡ್ ಎಂಬ ದೇವತೆ ಎಂಟು ಕಾಲಿನ ಕುದುರೆ ಏರಿ ಒಂಬತ್ತು ರಾತ್ರಿ ಸವಾರಿ ಮಾಡುತ್ತಾನೆ. ಇನ್ನು ‘ಗ್ರಿಮ್ನಿಸ್ಮಾಲ್’ ಎಂಬ ಹಳೆಯ ಪದ್ಯದ ಪ್ರಕಾರ ರಣದಲ್ಲಿ ಬಿದ್ದವರಲ್ಲಿ ಅರ್ಧ ಓಡಿನ್‌ಗೆ, ಅರ್ಧ ಫ್ರೇಯಾ ದೇವಿಗೆ. ಈ ಅರ್ಧವನ್ನು ಜನ ಮರೆತೇಬಿಡುತ್ತಾರೆ. ಐಸ್‌ಲೆಂಡಿನ ಹಳೆಯ ಗದ್ಯಕಥೆಗಳನ್ನು ಸಾಗಾ ಎನ್ನುತ್ತಾರೆ; ಅವುಗಳಲ್ಲಿ ಒಂದಾದ ‘ಎಗಿಲ್ ಸಾಗಾ’ದಲ್ಲಿ, ಮಗ ನೀರುಪಾಲಾದ ದುಃಖಕ್ಕೆ ಅನ್ನನೀರು ಬಿಟ್ಟು ಮಲಗಿದ ತಂದೆಯ ಬಳಿಗೆ ಬಂದ ಮಗಳು ಥೋರ್ಗೆರ್ಡ್, ಇನ್ನು ತನ್ನ ಊಟ ಏನಿದ್ದರೂ ಫ್ರೇಯಾಳ ಮನೆಯಲ್ಲೇ ಎನ್ನುತ್ತಾಳೆ. ಅವಳು ಕತ್ತಿ ಹಿಡಿದವಳಲ್ಲ, ಹೆಲ್‌ನ ಹೆಸರೂ ಎತ್ತುವುದಿಲ್ಲ.

ಇದೇ ಗ್ರಿಮ್ನಿಸ್ಮಾಲ್‌ನ ಒಂದು ಲೆಕ್ಕ ನಮ್ಮಲ್ಲಿ ಬಹಳ ಓಡಾಡುತ್ತದೆ. ವಲ್ಹಾಲಾಕ್ಕೆ 540 ಬಾಗಿಲು, ಒಂದೊಂದರಿಂದ ಒಮ್ಮೆಗೆ 800 ವೀರರು ಹೊರಡುತ್ತಾರೆ, ಗುಣಿಸಿದರೆ 4,32,000. ಕಲಿಯುಗದ ವರ್ಷಗಳೂ 4,32,000! ನೋಡಿದ ತಕ್ಷಣ ಮೈ ಜುಮ್ಮೆನ್ನುತ್ತದೆ, ಸಹಜ. ಆದರೆ ಪದ್ಯ ಎಲ್ಲೂ ಗುಣಿಸುವುದಿಲ್ಲ, ಗುಣಿಸಿದವರು ನಾವು. ಆ ಕಾಲದ ನಾರ್ಸ್ (ಹಳೆಯ ಸ್ಕ್ಯಾಂಡಿನೇವಿಯಾದ) ಎಣಿಕೆಯಲ್ಲಿ ನೂರು ಎಂದರೆ ಸಾಮಾನ್ಯವಾಗಿ 120. ಹಾಗೆ ಎಣಿಸಿದರೆ ಬಾಗಿಲು 640, ವೀರರು 960, ಗುಣಲಬ್ಧ 6,14,400. ಸಾಲದ್ದಕ್ಕೆ ಅದೇ ಪದ್ಯ ಗುಡುಗಿನ ದೇವರಾದ ಥೋರ್‌ನ ಮನೆಗೂ ಅದೇ 540 ಕೋಣೆ ಕೊಡುತ್ತದೆ. ಅಂದರೆ ‘ಎಣಿಸಲಾರದಷ್ಟು’ ಎನ್ನಲು ಕವಿಯ ಕೈಯಲ್ಲಿದ್ದ ಸಿದ್ಧ ಸಂಖ್ಯೆ ಅದು. ಭಾರತಕ್ಕೂ ನಾರ್ವೆಗೂ ನಂಟು ಹುಡುಕುವವರು ಈ ಲೆಕ್ಕವನ್ನು ಕೈಬಿಡುವುದು ಒಳ್ಳೆಯದು.

ರಾಜರ ವಲ್ಹಾಲಾ ಎಂದೆನಲ್ಲ, ಅದಕ್ಕೆ ಆಧಾರ 10ನೇ ಶತಮಾನದ ಎರಡು ಶೋಕಗೀತೆಗಳು. ಒಂದು, 954ರಲ್ಲಿ ಇಂಗ್ಲೆಂಡಿನಲ್ಲಿ ಕೊಲೆಯಾದ ಎರಿಕ್ ಬ್ಲಡ್‌ಆಕ್ಸ್ ಕುರಿತದ್ದು. ಇಂಥ ವೀರನಿಗೆ ಸೋಲು ಏಕೆ ಕೊಟ್ಟೆ ಎಂದು ಕೇಳಿದರೆ, ಬೂದು ತೋಳ ದೇವತೆಗಳ ನೆಲೆಯತ್ತಲೇ ದಿಟ್ಟಿಸುತ್ತಿದೆ ಎನ್ನುತ್ತಾನೆ ಓಡಿನ್. ಲೋಕ ಮುಗಿಯುವ ದಿನದ ಕಾಳಗಕ್ಕೆ ಅವನಿಗೆ ಆಳು ಬೇಕು. ಇನ್ನೊಂದು ನಾರ್ವೆಯ ಹಾಕೊನ್ ರಾಜನ ಮೇಲಿನದು. ಫಿತ್ಯಾರ್ ಕಾಳಗದ ಗಾಯದಿಂದ ಸುಮಾರು 961ರಲ್ಲಿ ಸತ್ತವನು. ನನಗೆ ತುಂಬ ಮುಖ್ಯವೆನಿಸುವ ಪದ್ಯ ಇದು. ಹಾಕೊನ್ ಬೆಳೆದದ್ದು ಇಂಗ್ಲೆಂಡಿನ ಅಥೆಲ್ಸ್ಟನ್ ರಾಜನ ಆಸ್ಥಾನದಲ್ಲಿ, ಕ್ರೈಸ್ತನಾಗಿ. ಪದ್ಯದಲ್ಲಿ ವಾಲ್ಕಿರಿಯರು (ರಣದಲ್ಲಿ ಬಿದ್ದವರನ್ನು ಆಯ್ದು ಒಯ್ಯುವ ಓಡಿನ್‌ನ ಕನ್ಯೆಯರು) ಅವನನ್ನು ವಲ್ಹಾಲಾದ ಬಾಗಿಲಿಗೆ ತಂದಾಗ ಅವನು ಅಳುಕುತ್ತಾನೆ; ಓಡಿನ್‌ಗೆ ತನ್ನ ಮೇಲೆ ಸಿಟ್ಟಿರಬಹುದು, ಆಯುಧ ಕೆಳಗಿಡಲಾರೆ ಎನ್ನುತ್ತಾನೆ. ದೇವತೆಗಳು ಅವನನ್ನು ಒಳಗೆ ಕರೆದುಕೊಳ್ಳುವುದು ಅವನು ದೇವಸ್ಥಾನಗಳನ್ನು ಕೆಡವದೆ ಉಳಿಸಿದನೆಂಬ ಕಾರಣಕ್ಕೆ. ಕವಿ ಪರಲೋಕವನ್ನಷ್ಟೇ ವರ್ಣಿಸುತ್ತಿಲ್ಲ, ಮುಂದೆ ಪಟ್ಟ ಏರುವವರಿಗೆ ಹೇಗೆ ಆಳಬೇಕೆಂದೂ ಹೇಳುತ್ತಿದ್ದಾನೆ.

ಸಾಮಾನ್ಯರ ಸಾವಿಗೆ ‘ಎಯ್ರ್‌ಬಿಗ್ಯಾ ಸಾಗಾ’ ನೋಡಿ. ಅದರಲ್ಲಿ ಥೋರ್‌ಸ್ಟೈನ್ ಎಂಬವನು ಮೀನು ಹಿಡಿಯಲು ಹೋಗಿ ಮುಳುಗುತ್ತಾನೆ. ಆ ಸುದ್ದಿ ಮುಟ್ಟುವ ಮೊದಲೇ ಒಬ್ಬ ಕುರುಬ ಹೆಲ್ಗಾಫೆಲ್ ಬೆಟ್ಟದ ಉತ್ತರದ ಮಗ್ಗುಲು ತೆರೆದದ್ದನ್ನು ಕಾಣುತ್ತಾನೆ. ಒಳಗೆ ದೊಡ್ಡ ಬೆಂಕಿ, ಗದ್ದಲ, ಕುಡಿತ; ಥೋರ್‌ಸ್ಟೈನ್‌ನನ್ನು ಅವನ ತಂದೆಯ ಎದುರಿನ ಪೀಠಕ್ಕೆ ಕರೆಯುತ್ತಿದ್ದಾರೆ. ಅದೇ ಸಾಗಾದಲ್ಲಿ ಮುಂದೆ ಥೋರೊಡ್ ಮತ್ತು ಜೊತೆಯವರು ಮುಳುಗಿ ಸತ್ತು, ತಮ್ಮ ಉತ್ತರಕ್ರಿಯೆಯ ಊಟಕ್ಕೆ ಒದ್ದೆ ಬಟ್ಟೆಯಲ್ಲೇ ಬಂದು ಬೆಂಕಿಯ ಬಳಿ ಕೂರುತ್ತಾರೆ. ಜನ ಮೊದಲು ಹೆದರುವುದಿಲ್ಲ. ಕಡಲದೇವತೆ ರಾನ್ ಇವರನ್ನು ಚೆನ್ನಾಗಿ ನೋಡಿಕೊಂಡಿದ್ದಾಳೆಂದು ಸಮಾಧಾನಪಡುತ್ತಾರೆ. ಆಮೇಲೆ ಅವರು ದಿನವೂ ಬರತೊಡಗಿದಾಗ ಬಾಗಿಲ ಬಳಿ ನ್ಯಾಯಸಭೆ ಕೂಡಿಸಿ, ದೂರು ಹೂಡಿ, ತೀರ್ಪು ಕೊಟ್ಟು ಹೊರಗೆ ಕಳಿಸುತ್ತಾರೆ. ಒಂದೇ ಕೃತಿ, ಒಂದೇ ಬಗೆಯ ಸಾವು, ಎರಡು ಪರಲೋಕ. ಈ ಹೊಂದಾಣಿಕೆಯಿಲ್ಲದಿರುವಿಕೆಯನ್ನೇ ನಾನು ಹೆಚ್ಚು ನಂಬುತ್ತೇನೆ. ಜನರ ನಂಬಿಕೆ ಊರಿಗೊಂದು, ಮನೆಗೊಂದು ಇರುತ್ತದೆ.

ಕಣ್ಣಾರೆ ಕಂಡವರ ಬರಹವೂ ಒಂದಿದೆ. 922ರಲ್ಲಿ ಬಾಗ್ದಾದಿನ ರಾಯಭಾರದಲ್ಲಿ ಬಂದ ಇಬ್ನ್ ಫದ್ಲಾನ್ ವೋಲ್ಗಾ ದಡದಲ್ಲಿ ರುಸ್ (ಪೂರ್ವ ಯುರೋಪಿನ ನದಿಗಳಲ್ಲಿ ವ್ಯಾಪಾರ ಮಾಡುತ್ತಿದ್ದ ವೈಕಿಂಗ್ ಮೂಲದವರು) ನಾಯಕನೊಬ್ಬನ ದಹನವನ್ನು ನೋಡಿದ. ಹೆಣವನ್ನು ಹತ್ತು ದಿನ ತಾತ್ಕಾಲಿಕ ಗುಂಡಿಯಲ್ಲಿ ಇಟ್ಟಿದ್ದರು. ಆಸ್ತಿಯನ್ನು ಮೂರು ಪಾಲು ಮಾಡಿ ಒಂದು ಮನೆಯವರಿಗೆ, ಒಂದು ಸತ್ತವನ ಉಡುಪಿಗೆ, ಒಂದು ಆ ದಿನಗಳ ಕುಡಿತಕ್ಕೆ. ಅವನೊಂದಿಗೆ ಕೊಲ್ಲಲಿದ್ದ ದಾಸಿಯನ್ನು ಬಾಗಿಲಿನಂಥ ಚೌಕಟ್ಟಿನ ಮೇಲಕ್ಕೆ ಮೂರು ಸಲ ಎತ್ತುತ್ತಾರೆ. ಮೊದಲು ತಂದೆ ತಾಯಿ ಕಂಡರು, ಆಮೇಲೆ ಸತ್ತ ನೆಂಟರೆಲ್ಲ, ಕೊನೆಗೆ ಹಸಿರು ತುಂಬಿದ ಚೆಲುವಾದ ಸ್ವರ್ಗದಲ್ಲಿ ಕೂತ ತನ್ನ ಒಡೆಯ, ಎನ್ನುತ್ತಾಳೆ. ಓಡಿನ್ ಇಲ್ಲ, ಕಾಳಗ ಇಲ್ಲ. ಇದನ್ನು ಓದುವಾಗ ಎರಡು ಎಚ್ಚರ: ಅವನು ಕೇಳಿದ್ದು ದುಭಾಷಿಯ ಬಾಯಿಂದ, ಮತ್ತು ವೋಲ್ಗಾದ ರುಸ್ ಜನರ ಪದ್ಧತಿ ಐಸ್‌ಲೆಂಡಿನವರದ್ದೇ ಆಗಿರಬೇಕಿಲ್ಲ.

ಎರಡನೇ ಪ್ರಶ್ನೆಗೆ ಬರುತ್ತೇನೆ. ಯಾವ ಕಥೆ ಎದುರಾದರೂ ಪಕ್ಕದಲ್ಲಿ ಮೂರು ಇಸವಿ ಬರೆದುಕೊಳ್ಳಿ: ಘಟನೆ ನಡೆಯಿತೆನ್ನುವ ಕಾಲ, ಕೃತಿ ರಚನೆಯಾದ ಕಾಲ, ಕೈಯಲ್ಲಿರುವ ಹಸ್ತಪ್ರತಿಯ ಕಾಲ. ಸ್ನೋರ್ರಿಯ ಪುಸ್ತಕವಲ್ಲದೆ ಗ್ರಿಮ್ನಿಸ್ಮಾಲ್‌ನಂಥ ಹಳೆಯ ಪದ್ಯಗಳನ್ನೂ ಎಡ್ಡಾ ಎನ್ನುತ್ತಾರೆ; ಆ ಪದ್ಯಗಳ ಮುಖ್ಯ ಹಸ್ತಪ್ರತಿ ಕೋಡೆಕ್ಸ್ ರೆಜಿಯಸ್ ಸುಮಾರು 1270ರದು. ಅದರೊಳಗಿನ ಪದ್ಯಗಳಲ್ಲಿ ಕೆಲವು ಬಹಳ ಹಳೆಯವು, ಕೆಲವು ಅಲ್ಲ. ಸಾಗಾದಲ್ಲಿ ಗದ್ಯಕ್ಕೂ ನಡುವೆ ಬರುವ ಆಸ್ಥಾನ ಕವಿಯ ಪದ್ಯಕ್ಕೂ ತಾಳೆಯಾಗದಿದ್ದರೆ ಪದ್ಯದ ಕಡೆ ವಾಲಿ. ಆ ಛಂದಸ್ಸಿನ ಸಾಲಿಗೆ ಆರೇ ಅಕ್ಷರ, ಒಳಪ್ರಾಸ, ಆದಿ ಅಕ್ಷರದ ಮೈತ್ರಿ. ಒಂದು ಮಾತು ಬದಲಿಸಿದರೆ ಕಿವಿಗೆ ಗೊತ್ತಾಗುತ್ತದೆ. ಎಲ್ಲಕ್ಕಿಂತ ಮೇಲೆ, ಆ ಕಾಲದಲ್ಲೇ ಕಡೆದದ್ದಕ್ಕೆ ಬೆಲೆ ಕೊಡಿ. ಗೋಟ್‌ಲ್ಯಾಂಡ್ ದ್ವೀಪದ ಚಿತ್ರಶಿಲೆಗಳಲ್ಲಿ ಕುದುರೆ ಸವಾರನನ್ನು ಕೊಂಬಿನ ಪಾನಪಾತ್ರೆ ಹಿಡಿದ ಹೆಣ್ಣು ಎದುರುಗೊಳ್ಳುತ್ತಾಳೆ. ವೀರಗಲ್ಲಿನ ಅಪ್ಸರೆಯರನ್ನು ನೋಡಿದ ಕಣ್ಣಿಗೆ ಆ ಶಿಲೆ ಓದಲು ಕಷ್ಟವಾಗುವುದಿಲ್ಲ. ಆದರೆ ವಸ್ತು ತಾನಾಗಿ ಮಾತಾಡದು: ಸ್ವೀಡನ್ನಿನ ಬಿರ್ಕಾದಲ್ಲಿ 1878ರಲ್ಲಿ ತೆರೆದ ಆಯುಧ ತುಂಬಿದ ಸಮಾಧಿಯನ್ನು ಗಂಡಸಿನದೆಂದೇ ಎಣಿಸಿದ್ದರು, 2017ರ ಡಿಎನ್‌ಎ ಪರೀಕ್ಷೆ ಅಲ್ಲಿದ್ದವಳು ಹೆಣ್ಣೆಂದು ತೋರಿಸಿತು.

ಓಡಿನ್ ಏಷ್ಯಾದಿಂದ ಬಂದ ರಾಜ ಎಂಬ ಮಾತು ಸ್ನೋರ್ರಿಯದೇ. ಹಳೆಯ ದೇವರುಗಳು ನಿಜಕ್ಕೂ ಮನುಷ್ಯರು, ಜನ ಮರುಳಾಗಿ ಪೂಜಿಸಿದರು ಎಂದು ವಿವರಿಸುವುದು ಮಧ್ಯಯುಗದ ಕ್ರೈಸ್ತ ವಿದ್ವಾಂಸರ ರೂಢಿ. ಡೆನ್ಮಾರ್ಕಿನ ವಿಂಡೆಲೆವ್‌ನಲ್ಲಿ 2020ರಲ್ಲಿ ಸಿಕ್ಕ 5ನೇ ಶತಮಾನದ ಚಿನ್ನದ ಪದಕದ ಮೇಲೆ ‘ಓಡಿನ್‌ನ ಆಳು’ ಎಂದು ಓದಲಾಗಿದೆ. ಸ್ನೋರ್ರಿಗಿಂತ ಸುಮಾರು 800 ವರ್ಷ ಹಿಂದೆಯೇ ಈ ಹೆಸರು ಹೇಳಿಕೊಂಡು ಬದುಕಿದವರಿದ್ದರು.

ಚರಿತ್ರೆ ಪುರಾಣವಾಗುವುದು ಇನ್ನೊಂದು ದಾರಿ. ಎಡ್ಡಾ ಪದ್ಯಗಳ ಹೆಸರುಗಳನ್ನೇ ನೋಡಿ. ಯೋರ್ಮುನ್‌ರೆಕ್ ಎಂದರೆ ಗೋಥರ ದೊರೆ ಎರ್ಮನಾರಿಕ್, ಸತ್ತದ್ದು ಸುಮಾರು 376. ಗುನ್ನರ್ ಎಂದರೆ ಬರ್ಗಂಡಿಯನ್ನರ ಗುಂಡಹಾರ್, ಸುಮಾರು 437. ಅಟ್ಲಿ ಎಂದರೆ ಹೂಣರ ಅಟ್ಟಿಲ, 453. ಪದ್ಯಗಳಲ್ಲಿ ಗುನ್ನರ್‌ನ ತಂಗಿ ಗುಡ್ರುನ್ ಅಟ್ಲಿಯ ಹೆಂಡತಿ. ಅಟ್ಲಿ ಸತ್ತ ಮೇಲೆ ಅವಳ ಮಗಳು ಸ್ವಾನ್‌ಹಿಲ್ಡ್‌ಗೆ ಯೋರ್ಮುನ್‌ರೆಕ್ ಜೊತೆ ಮದುವೆ. ಅಟ್ಟಿಲನಿಗಿಂತ ಮುಕ್ಕಾಲು ಶತಮಾನ ಮುಂಚೆ ಸತ್ತವನೊಂದಿಗೆ! ಹಾಗೆಂದು ಎಲ್ಲವೂ ಕಟ್ಟುಕತೆಯಲ್ಲ. 551ರ ಹೊತ್ತಿಗೆ ಚರಿತ್ರೆಕಾರ ಯೋರ್ಡಾನೆಸ್ ಬರೆದದ್ದರಲ್ಲೇ ಕುದುರೆಗಳಿಗೆ ಕಟ್ಟಿ ಸೀಳಿಸಿದ ಸುನಿಲ್ಡಾ, ಸೇಡು ತೀರಿಸಿದ ಅಣ್ಣತಮ್ಮಂದಿರು ಸಾರುಸ್ ಮತ್ತು ಅಮ್ಮಿಯುಸ್ ಇದ್ದಾರೆ. ಎಡ್ಡಾದಲ್ಲಿ ಅವರೇ ಸ್ವಾನ್‌ಹಿಲ್ಡ್, ಸೋರ್ಲಿ, ಹಾಮ್ದಿರ್. ಏಳು ಶತಮಾನ ದಾಟಿ ಬಂದದ್ದು ಹೆಸರುಗಳು ಮತ್ತು ಸಾವಿನ ಬಗೆ. ಕಾಲಗಣನೆ ಉದುರಿಹೋಯಿತು, ಆ ಜಾಗಕ್ಕೆ ನೆಂಟಸ್ತನ ಬಂತು.

ರಾಗ್ನರ್‌ನನ್ನು ಇದೇ ರೀತಿ ಬಿಡಿಸಬಹುದು. 845ರಲ್ಲಿ ಪ್ಯಾರಿಸ್ ಮೇಲೆ ದಾಳಿ ಮಾಡಿದ ರೆಗಿನ್‌ಹೆರಿ ಎಂಬ ನಾಯಕ ಫ್ರಾಂಕರ ದಾಖಲೆಯಲ್ಲಿದ್ದಾನೆ. 865ರಲ್ಲಿ ಇಂಗ್ಲೆಂಡಿಗೆ ಬಂದ ದೊಡ್ಡ ಸೈನ್ಯ ನಿಜ, ಅದರೊಂದಿಗೆ ಹೆಸರು ಸೇರಿರುವ ಈವರ್, ಹಾಫ್‌ಡಾನ್ ನಿಜ, 867ರಲ್ಲಿ ಯಾರ್ಕ್‌ನಲ್ಲಿ ಏಲ್ಲ ಎಂಬ ರಾಜ ಸತ್ತದ್ದೂ ನಿಜ. ಇವರೆಲ್ಲ ಒಬ್ಬ ರಾಗ್ನರ್‌ನ ಮಕ್ಕಳು, ತಂದೆಯ ಸೇಡಿಗೆ ಬಂದವರು ಎಂಬ ಕೊಂಡಿ ಆಮೇಲಿನದು. ಏಲ್ಲ ರಾಜ ರಾಗ್ನರ್‌ನನ್ನು ಹಾವಿನ ಗುಂಡಿಗೆ ತಳ್ಳಿದ ಎಂಬ ಕಥೆಯನ್ನು ಸುಮಾರು 1200ರಲ್ಲಿ ಡೆನ್ಮಾರ್ಕಿನ ಚರಿತ್ರೆಕಾರ ಸಾಕ್ಸೊ ಬರೆದಿದ್ದಾನೆ, ಮೂರು ಶತಮಾನ ಕಳೆದ ಮೇಲೆ. ಅಟ್ಲಿ ಗುನ್ನರ್‌ನನ್ನು ಕೊಲ್ಲಿಸಿದ್ದೂ ಹಾವಿನ ಗುಂಡಿಯಲ್ಲೇ. ನನ್ನ ಅಂದಾಜಿನಲ್ಲಿ ರಾಗ್ನರ್‌ಗೆ ಆ ಸಾವು ಬಂದದ್ದು ಅಲ್ಲಿಂದ.