ಸಿಂಪಿಯ ದಿಬ್ಬ ಕಡಲ್ಕೊರೆತವನ್ನು ತಡೆಯುತ್ತದಾ?

ಪ್ರಶ್ನೆ: ದಡ ಕೊರೆದು ಹೋಗದಂತೆ ಕೆಲವು ಕಡೆ ಸಿಂಪಿಗಳನ್ನು (ಎರಡು ಚಿಪ್ಪಿನೊಳಗೆ ಬದುಕುವ ಆಯ್ಸ್ಟರ್) ಬೆಳೆಸುತ್ತಾರೆ ಎಂದು ಓದಿದೆ. ಬಂಡೆಗಲ್ಲು ಸುರಿದರೂ ಜಗ್ಗದ ಸಮುದ್ರವನ್ನು ಅಂಗೈಯಷ್ಟೂ ಇಲ್ಲದ ಜೀವಿ ಹೇಗೆ ತಡೆದೀತು? ಕಲ್ಲಿನ ತಡೆಗೋಡೆ ಬಿಟ್ಟು ಇದನ್ನೇ ಮಾಡಬಹುದಾ?

ಉತ್ತರ: ತಡೆಯುತ್ತದೆ, ಆದರೆ ಎಲ್ಲ ದಡದಲ್ಲೂ ಅಲ್ಲ. ತೆರೆದ ಸಮುದ್ರದ ಆಳೆತ್ತರದ ಅಲೆ ನೇರವಾಗಿ ಬಂದು ಬಡಿಯುವ ಕಡೆ ಸಿಂಪಿಯನ್ನು ನಂಬಿ ಕೂರಬೇಡಿ. ಅಳಿವೆ, ಹಿನ್ನೀರು, ಕೊಲ್ಲಿಯ ಒಳಭಾಗದ ಕಥೆ ಬೇರೆ. ಅಲ್ಲಿ ಗಾಳಿಗೆ ಏಳುವ ಸಣ್ಣ ಅಲೆ, ದೋಣಿ ಓಡಾಡುವಾಗ ಏಳುವ ಅಲೆ ಹಗಲೂ ರಾತ್ರಿ ದಡದ ಬುಡವನ್ನು ಕೆರೆಯುತ್ತಲೇ ಇರುತ್ತವೆ. ಸಿಂಪಿಯ ಕೆಲಸ ಇರುವುದು ಅಲ್ಲಿ.

ಒಂಟಿ ಸಿಂಪಿಯಿಂದ ಏನೂ ಆಗದು, ನಿಮ್ಮ ಅನುಮಾನ ಸರಿಯೇ. ಅವು ಒಂದರ ಮೇಲೊಂದು ಅಂಟಿಕೊಂಡು ದಿಬ್ಬ ಕಟ್ಟುತ್ತವಲ್ಲ, ಬಲ ಬರುವುದು ಅದರಿಂದ. ಸಿಂಪಿಯ ಮರಿ ಮೊದಲ ಎರಡು ಮೂರು ವಾರ ನೀರಲ್ಲಿ ಈಜುತ್ತಾ, ತೇಲುತ್ತಾ ಇರುತ್ತದೆ. ಆಮೇಲೆ ಅದಕ್ಕೊಂದು ಪುಟ್ಟ ಕಾಲು ಮೂಡುತ್ತದೆ, ಕಪ್ಪು ಚುಕ್ಕೆಯ ಕಣ್ಣು ಮೂಡುತ್ತದೆ. ಆಗ ಅದರ ಗಾತ್ರ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ಆ ಕಾಲಲ್ಲೇ ತಡಕಾಡುತ್ತಾ ಗಟ್ಟಿ ಜಾಗ ಹುಡುಕುತ್ತದೆ. ಸಿಕ್ಕಿತೋ, ತನ್ನದೇ ಅಂಟು ಸುರಿಸಿ ಒಂದು ಚಿಪ್ಪನ್ನು ಅಲ್ಲಿಗೆ ಕಚ್ಚಿಸಿಬಿಡುತ್ತದೆ. ಅಲ್ಲಿಗೆ ಓಡಾಟ ಮುಗಿಯಿತು, ಸಾಯುವವರೆಗೂ ಅದೇ ಮನೆ. ಅದಕ್ಕೆ ತುಂಬಾ ಹಿಡಿಸುವ ಜಾಗ ಇನ್ನೊಂದು ಸಿಂಪಿಯ ಚಿಪ್ಪೇ.

ನೀರು ಇಳಿದಾಗ ಇಂಥ ದಿಬ್ಬದಿಂದ ಒಂದು ಹಳೆಯ ಚಿಪ್ಪನ್ನು ಎತ್ತಿ ನೋಡಿದ್ದೇನೆ. (ನೀವು ನೋಡುವುದಾದರೆ ಗಟ್ಟಿ ಕೈಗವಸು ಹಾಕಿಕೊಳ್ಳಿ, ಅಂಚು ಕೈ ಕೊಯ್ಯುತ್ತದೆ.) ಅದರ ಬೆನ್ನ ಮೇಲೆ ಉಗುರಿನಷ್ಟು ಅಗಲದ ಮರಿಗಳು ಒತ್ತೊತ್ತಾಗಿ ಕೂತಿದ್ದವು. ಒಂದನ್ನು ಬೆರಳಿಂದ ಎಬ್ಬಿಸಲು ನೋಡಿದೆ, ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಸಂದಿಯಲ್ಲಿ ಬೆರಳ ತುದಿಯಷ್ಟು ಏಡಿಯೊಂದು ಅಡಗಿತ್ತು. ಅಡಿಯ ಸಿಂಪಿ ಸತ್ತು ಎಷ್ಟು ಕಾಲವಾಗಿತ್ತೋ. ಅದರ ಚಿಪ್ಪು ಮಾತ್ರ ಹೊಸ ತಲೆಮಾರಿಗೆ ತಳಪಾಯವಾಗಿ ನಿಂತಿತ್ತು. ದಿಬ್ಬ ಎತ್ತರವಾಗುವುದು ಹೀಗೆ.

ದಿಬ್ಬದ ಮೈ ಒರಟು, ತುಂಬಾ ಸಂದುಗೊಂದು. ಅದರ ಮೇಲೆ ಹಾಯುವ ಅಲೆ ಒಡೆದು ಅಲ್ಲೇ ಬಲ ಕಳೆದುಕೊಳ್ಳುತ್ತದೆ. ಹಿಂದಿನ ನೀರು ಶಾಂತವಾದರೆ ಅದರಲ್ಲಿದ್ದ ಕೆಸರು, ಮರಳು ತಳ ಸೇರುತ್ತದೆ. ಸಿಂಪಿಯೂ ನೀರು ಸೋಸುವಾಗ ಬೇಡದ ಹೂಳನ್ನು ಲೋಳೆಯಲ್ಲಿ ಸುತ್ತಿ ಹೊರಹಾಕುತ್ತದೆ, ಅದೂ ಕೆಳಗಿಳಿಯುತ್ತದೆ. ಹೂಳು ನಿಂತ ಕಡೆ ಜವುಗು ಹುಲ್ಲೋ ಕಾಂಡ್ಲಾ (ಮ್ಯಾಂಗ್ರೋವ್) ಗಿಡವೋ ಬೇರು ಬಿಡುತ್ತದೆ. ದಡದ ಮಣ್ಣನ್ನು ಕೊನೆಗೆ ಹಿಡಿದಿಡುವುದು ಆ ಬೇರು. ಅದು ಊರುವಷ್ಟು ದಿನ ಅಲೆಯನ್ನು ಸಿಂಪಿ ತಡೆದುಕೊಟ್ಟರೆ ಸಾಕು.

ಆದರೆ ದಿಬ್ಬದ ತಲೆ ನೀರಿನ ಮಟ್ಟಕ್ಕೆ ಹತ್ತಿರ ಇದ್ದಾಗ ಮಾತ್ರ ಇದೆಲ್ಲ ನಡೆಯುತ್ತದೆ. ನೀರು ಏರಿ ದಿಬ್ಬ ಆಳಕ್ಕೆ ಮುಳುಗಿದರೆ ಅಲೆ ಮೇಲಿಂದಲೇ ಹಾದು ದಡ ಮುಟ್ಟುತ್ತದೆ. ಚಂಡಮಾರುತದಲ್ಲಿ ಆಗುವುದು ಇದೇ. ಇದನ್ನು ಮುಚ್ಚಿಟ್ಟು ಸಿಂಪಿ ಬೆಳೆಸಿ ಎಂದು ಹೇಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಮೊದಲ ದೊಡ್ಡ ಬಿರುಗಾಳಿಗೇ ಜನ ನಂಬಿಕೆ ಕಳೆದುಕೊಳ್ಳುತ್ತಾರೆ, ಅಲ್ವಾ?

ಅಮೆರಿಕದ ಅಲಬಾಮಾ ತೀರದಲ್ಲಿ ಎರಡು ಕಡೆ ಚಿಪ್ಪಿನ ದಿಬ್ಬ ಕಟ್ಟಿ ಅಳತೆ ಮಾಡಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಒಂದು ಕಡೆ ದಡ ಹಿಂದೆ ಸರಿಯುವುದು ಶೇ 40ಕ್ಕಿಂತ ಜಾಸ್ತಿ ತಗ್ಗಿತ್ತು. ಹಾಗಂತ ಎರಡು ಕಡೆಯೂ ಕೊರೆತ ಪೂರ್ತಿ ನಿಲ್ಲಲಿಲ್ಲ. ಏಡಿ, ಮೀನು ಮಾತ್ರ ಚೆನ್ನಾಗಿ ಹೆಚ್ಚಿದವು. ನನಗೆ ಇನ್ನೂ ಹೆಚ್ಚು ಭರವಸೆ ಕೊಟ್ಟದ್ದು ಬಾಂಗ್ಲಾದೇಶದ ಕುತುಬ್ದಿಯಾ ದ್ವೀಪ. ಅಲ್ಲಿ ಕೆಸರಿನ ಬಯಲಲ್ಲಿ ಕಾಂಕ್ರೀಟ್ ರಿಂಗುಗಳನ್ನು ಸಾಲಾಗಿ ನಿಲ್ಲಿಸಿದರು. ಅಲ್ಲಿಯದೇ ಜಾತಿಯ ಸಿಂಪಿ ತಾನಾಗಿ ಬಂದು ಅಂಟಿತು. ಹಿಂದೆ ಹೂಳು ನಿಂತಿತು, ಜವುಗು ಹುಲ್ಲು ನೀರಿನ ಕಡೆಗೆ ಹಬ್ಬಿತು ಎಂದು 2019ರ ಅಧ್ಯಯನ ತೋರಿಸಿದೆ. ಮಳೆಗಾಲದ ಆರ್ಭಟ ಇರುವ ಕಡಲು ಅದು. ಅಲ್ಲೂ ಉಳಿದು ಕೆಲಸ ಮಾಡಿತಲ್ಲ!

ಕಲ್ಲಿನ ಗೋಡೆಯ ಮಾತಿಗೆ ಬರೋಣ. ಗೋಡೆಗೆ ಬಡಿದ ಅಲೆ ವಾಪಸ್ ಚಿಮ್ಮಿ ಅದರ ಬುಡದ ಮರಳನ್ನೇ ಎಳೆದೊಯ್ಯುತ್ತದೆ. ಗೋಡೆ ಮುಗಿಯುವ ಕಡೆ ಪಕ್ಕದ ದಡ ಇನ್ನೂ ಜೋರಾಗಿ ಕೊರೆಯುತ್ತದೆ. ಹಾಗಿದ್ದರೂ ದೊಡ್ಡ ಅಲೆಯ ಜಾಗದಲ್ಲಿ ಕಲ್ಲು ಬೇಕೇ ಬೇಕಾಗಬಹುದು. ಎರಡನ್ನೂ ಕೂಡಿಸಬಹುದು. 2012ರ ಸ್ಯಾಂಡಿ ಚಂಡಮಾರುತದ ಹೊಡೆತ ತಿಂದ ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡಿನಲ್ಲಿ ದಡದಿಂದ ದೂರ, ನೀರಿನಲ್ಲೇ, ಒಟ್ಟು 700 ಮೀಟರಿಗೂ ಉದ್ದದ ಕಲ್ಲಿನ ದಿಬ್ಬಗಳನ್ನು ಕಟ್ಟಿದ್ದಾರೆ. 2024ರಲ್ಲಿ ಕಟ್ಟುವ ಕೆಲಸ ಮುಗಿಯಿತು. ಅಲೆಯ ಹೊಡೆತ ತಿನ್ನುವುದು ಕಲ್ಲು. ಸಿಂಪಿ, ಮೀನುಗಳಿಗೆ ನೆಲೆಯಾಗಲಿ ಎಂದು ಅದರಲ್ಲೇ ಸಂದು, ಮೂಲೆಗಳನ್ನು ಬಿಟ್ಟಿದ್ದಾರೆ.

ಕಲ್ಲು ತಾನಾಗಿ ಬೆಳೆಯದು, ಸಿಂಪಿಯ ದಿಬ್ಬ ಬೆಳೆಯುತ್ತದೆ. ಉಬ್ಬರ ಇಳಿತದ ನಡುವಿನ ಸರಿಯಾದ ಎತ್ತರದಲ್ಲಿದ್ದರೆ ಸಮುದ್ರ ಮಟ್ಟ ಏರುವುದಕ್ಕಿಂತ ಬೇಗ ಅದು ಏರಬಲ್ಲದು ಎಂದು ನಾರ್ತ್ ಕೆರೊಲಿನಾದ ದಿಬ್ಬಗಳನ್ನು ಅಳೆದವರು 2014ರಲ್ಲಿ ತೋರಿಸಿದರು. ನಾನು ಸಿಂಪಿಯ ಪರವಾಗಿ ಇಷ್ಟು ಮಾತಾಡುವುದು ಇದೇ ಕಾರಣಕ್ಕೆ.

ಪ್ರಶ್ನೆ: ತಿಂದು ಬಿಸಾಡುವ ಚಿಪ್ಪುಗಳನ್ನು ಒಟ್ಟುಮಾಡಿ ಸುಮ್ನೆ ನೀರಿಗೆ ಸುರಿದರೆ ದಿಬ್ಬ ಆಗುತ್ತದಾ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಹಸಿ ಚಿಪ್ಪಿನ ಜೊತೆ ರೋಗಾಣು, ಬೇರೆ ನೀರಿನ ಜೀವಿಗಳು ಸೇರಿ ಬರುತ್ತವೆ. ಈ ಕೆಲಸ ಮಾಡುವವರು ಚಿಪ್ಪನ್ನು ಆರು ತಿಂಗಳು, ಒಂದು ವರ್ಷ ಬಯಲಲ್ಲಿ ಬಿಸಿಲಿಗೆ ಒಣಗಿಸಿಯೇ ಬಳಸುತ್ತಾರೆ. ಬಿಡಿ ಚಿಪ್ಪು ಅಲೆಗೆ ಚೆಲ್ಲಾಪಿಲ್ಲಿಯಾಗುತ್ತದೆ, ಇಲ್ಲವೇ ಕೆಸರಲ್ಲಿ ಹೂತು ಹೋಗುತ್ತದೆ. ನೆದರ್‌ಲ್ಯಾಂಡ್ಸ್‌ನ ಊಸ್ಟರ್‌ಸ್ಕೆಲ್ಡೆ ಕೊಲ್ಲಿಯಲ್ಲಿ ಅದಕ್ಕೇ ತಂತಿಯ ಪಂಜರದಲ್ಲಿ ಚಿಪ್ಪು ತುಂಬಿ ಇಟ್ಟರು.

ಚಿಪ್ಪು ಇಡುವ ಮೊದಲು ಅಲ್ಲಿನ ನೀರಲ್ಲಿ ಸಿಂಪಿಯ ಮರಿ ಇದೆಯಾ ನೋಡಬೇಕು. ಅವು ಹುಟ್ಟುವ ಕಾಲದಲ್ಲಿ ಒಣಗಿದ ಚಿಪ್ಪಿನ ಒಂದೆರಡು ಸರ ಕಟ್ಟಿ ನೀರಲ್ಲಿ ಇಳಿಬಿಟ್ಟರೆ ಗೊತ್ತಾಗುತ್ತದೆ. ಮರಿ ಕೂರದ ಕಡೆ ದುಡ್ಡು ಸುರಿದು ಪ್ರಯೋಜನವಿಲ್ಲ. ನೀರಿನ ಉಪ್ಪನ್ನೂ ನೋಡಿ. ನದಿಯ ಸಿಹಿನೀರು ವಾರಗಟ್ಟಲೆ ತುಂಬಿ ನಿಂತರೆ ಸಿಂಪಿ ಉಳಿಯುವುದಿಲ್ಲ. 2019ರಲ್ಲಿ ಮಿಸಿಸಿಪ್ಪಿ ನದಿಯ ನೆರೆನೀರನ್ನು ತಿಂಗಳುಗಟ್ಟಲೆ ಹೊರಬಿಟ್ಟಾಗ ಅಮೆರಿಕದ ದಕ್ಷಿಣ ತೀರದ ಒಳಗಡಲು ಮಿಸಿಸಿಪ್ಪಿ ಸೌಂಡ್‌ನ ಸಿಂಪಿಗಳು ಬಹುಪಾಲು ಸತ್ತವು. ಇನ್ನು, ಬೇಗ ಬೆಳೆಯುತ್ತದೆ ಎಂದು ಹೊರಗಿನ ಜಾತಿಯನ್ನು ತರುವ ಆಸೆ ಬೇಡವೇ ಬೇಡ. ಅದೇ ಊಸ್ಟರ್‌ಸ್ಕೆಲ್ಡೆಗೆ 1960ರ ದಶಕದಲ್ಲಿ ಸಾಕಲು ತಂದ ಪೆಸಿಫಿಕ್ ಸಿಂಪಿ ಕೈಮೀರಿ ಹಬ್ಬಿತು.

ಪ್ರಶ್ನೆ: ದಿಬ್ಬ ಚೆನ್ನಾಗಿ ಬೆಳೆದ ಮೇಲೆ ಅದರ ಸಿಂಪಿಯನ್ನು ಕಿತ್ತು ತಿನ್ನಬಹುದಾ?

ಉತ್ತರ: ದಡ ಕಾಯಲು ಕಟ್ಟಿದ ದಿಬ್ಬದಿಂದ ಕೀಳಬೇಡಿ. ಸಿಂಪಿ ನೀರು ಸೋಸುವಾಗ ಕೊಳಕು ನೀರಿನ ರೋಗಾಣುಗಳೂ ಅದರ ಮೈ ಸೇರುತ್ತವೆ. ನ್ಯೂಯಾರ್ಕ್ ಬಂದರಿನಲ್ಲಿ ಬೆಳೆಸುತ್ತಿರುವ ಸಿಂಪಿಯನ್ನು ತಿನ್ನುವ ಹಾಗಿಲ್ಲ. ನೀರು ಶುದ್ಧವಾಗಿದ್ದರೂ, ಕಿತ್ತ ಪ್ರತಿ ಸಿಂಪಿಯ ಜೊತೆ ಮುಂದಿನ ಮರಿ ಕೂರುವ ಜಾಗವೂ ಹೋಗುತ್ತದೆ. ಜಗತ್ತಿನಲ್ಲಿ ಮೊದಲಿದ್ದ ಸಿಂಪಿ ದಿಬ್ಬಗಳಲ್ಲಿ ಸುಮಾರು ಶೇ 85 ನಾಶವಾಗಿವೆ ಎಂದು 2011ರಲ್ಲಿ ಲೆಕ್ಕ ಹಾಕಿದರು. ಮುಖ್ಯ ಕಾರಣಗಳಲ್ಲಿ ಒಂದು, ತಳ ಕೆರೆದು ಚಿಪ್ಪು ಸಮೇತ ಎತ್ತಿದ್ದು. ತಿನ್ನಲೇಬೇಕೆಂದರೆ ಅದಕ್ಕಾಗಿಯೇ ಬೇರೆ ಕಡೆ ಹಗ್ಗದಲ್ಲೋ ಬುಟ್ಟಿಯಲ್ಲೋ ಬೆಳೆಸಿ. ಆ ಚಿಪ್ಪನ್ನು ಒಣಗಿಸಿ ದಿಬ್ಬ ಕಟ್ಟುವವರಿಗೆ ಕೊಡಿ.